ಸೌದೆ ಒಲೆಯ ಹೊಗೆ ಕೊಳವೆ: ಎತ್ತರ ಎಷ್ಟಿರಬೇಕು, ಅಗಲ ಎಷ್ಟಿರಬೇಕು?

ಹಾನುಬಾಳು ತೋಟದ ಮನೆ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯಲ್ಲಿ ನಮ್ಮದು ಹಳೆಯ ಮಂಗಳೂರು ಹಂಚಿನ ಮನೆ. ಕಳೆದ ಬೇಸಿಗೆಯಲ್ಲಿ ಅಡುಗೆಮನೆಯ ಮಣ್ಣಿನ ಒಲೆಯನ್ನು ತೆಗೆಸಿ, ಬಾಗಿಲು ಹಾಕಿ ಉರಿಸುವ ಕಬ್ಬಿಣದ ಸೌದೆ ಒಲೆಯೊಂದನ್ನು ಇಡಿಸಿದೆವು. ಹೊಗೆ ಪೂರ್ತಿಯಾಗಿ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ, ಅಮ್ಮನ ಕೆಮ್ಮಿಗೂ ಬಿಡುವು ಸಿಗುತ್ತದೆ ಎಂಬ ಆಸೆಯಿಂದ ಮಾಡಿಸಿದ ಕೆಲಸವಿದು. ಮೇ ತಿಂಗಳಿನವರೆಗೆ ಹೇಗೋ ನಡೆಯಿತು. ಆರಿದ್ರಾ ಮಳೆ ಹಿಡಿದ ಮೇಲೆ ಬೆಳಿಗ್ಗೆ ಒಲೆ ಹಚ್ಚಿದರೆ ಮೊದಲ ಅರ್ಧ ಗಂಟೆ ಹೊಗೆಯೆಲ್ಲ ಬಾಗಿಲಿನ ಸಂದಿಯಿಂದಲೇ ಒಳಗೆ ಬರುತ್ತದೆ. ಪಡುವಣ ಗಾಳಿ ಬೀಸಿದಾಗಲಂತೂ ಉರಿಯುತ್ತಿರುವ ಒಲೆಯಿಂದಲೂ ಹೊಗೆ ಹಿಂದಕ್ಕೆ ನುಗ್ಗುತ್ತದೆ. ಕೊಳವೆಯ ಜೋಡಣೆಗಳಿಂದ ಡಾಂಬರಿನಂಥ ಕರಿಯ ರಸ ಗೋಡೆಯ ಮೇಲೆ ಇಳಿದಿದೆ.

ಅಳತೆಗಳನ್ನು ಬರೆಯುತ್ತೇನೆ. ಒಲೆಯ ಹಿಂಬದಿಯಲ್ಲಿ ಕೊಳವೆ ಕೂರುವ ಕೊರಳಿನ ಅಗಲ 6 ಅಂಗುಲ, ನೆಲದಿಂದ ಅದರ ಎತ್ತರ ಎರಡೂವರೆ ಅಡಿ. ಕೂರಿಸಿದವರು ಅದಕ್ಕೆ ಕಿರಿದಾಗುವ ತುಂಡೊಂದನ್ನು ಸಿಕ್ಕಿಸಿ 4 ಅಂಗುಲದ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪ್ ಹಾಕಿದ್ದಾರೆ. ಪೈಪು 3 ಅಡಿ ಮೇಲೆ ಹೋಗಿ, ಅಲ್ಲಿಂದ ಅಡ್ಡಲಾಗಿ 5 ಅಡಿ ಸಾಗಿ, ಪಶ್ಚಿಮದ ಗೋಡೆಯನ್ನು ತೂರಿ ಹೊರಬಂದು, ಮತ್ತೆ ತಿರುಗಿ 6 ಅಡಿ ಮೇಲಕ್ಕೆ ನಿಂತಿದೆ. ಅದರ ತುದಿ ಸೂರಿನಿಂದ ಎರಡೂವರೆ ಅಡಿ ಮೇಲಿದೆ. ಗೋಡೆಯ ಎತ್ತರ 10 ಅಡಿ, ಮಾಡಿನ (ಛಾವಣಿಯ) ನೆತ್ತಿ ನೆಲದಿಂದ 17 ಅಡಿ, ಗೋಡೆಯಿಂದ ನೆತ್ತಿಗೆ ಅಡ್ಡಳತೆಯಲ್ಲಿ 12 ಅಡಿ ಇದೆ. ಒಲೆ ಗೋಡೆಯಿಂದ 3 ಅಡಿ ಒಳಗಿದೆ. ಹಂಚಿನ ಕೆಳಗೆ ಇಳಿಜಾರಿನ ಉದ್ದಕ್ಕೂ ಹಲಗೆ ಹೊಡೆಸಿದ್ದೇವೆ. ಕಿಟಕಿಗಳಿಗೆ ಗಾಜು ಹಾಕಿಸಿದ್ದೇವೆ. ಹೊಗೆ ತಡೆಯಲಾಗದೆ ಈಚೆಗೆ ಒಂದು ಎಕ್ಸಾಸ್ಟ್ ಫ್ಯಾನನ್ನೂ ಕೂರಿಸಿದ್ದೇವೆ.

ಕೊಳವೆಯನ್ನು ಇನ್ನೆಷ್ಟು ಎತ್ತರಿಸಿದರೆ ಸರಿಹೋಗುತ್ತದೆ? ಎತ್ತರವೊಂದನ್ನೇ ಹೆಚ್ಚಿಸಿದರೆ ಸಾಕೇ, ಅಥವಾ ಪೈಪಿನ ಅಗಲವನ್ನೂ ಬದಲಿಸಬೇಕೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ಕೋರುತ್ತೇನೆ.

ಮೂಡಿಗೆರೆ ಬೆಳೆಗಾರ

ನಮ್ಮ ಬಚ್ಚಲುಮನೆಯ ಹಂಡೆ ಒಲೆಗೆ ಇದೇ ತೊಂದರೆ ಇತ್ತು. ನಾವು ಪೈಪನ್ನು ಮಾಡಿನ ನೆತ್ತಿಗಿಂತ ಮೇಲಕ್ಕೆ ಒಯ್ದ ಮೇಲೆ ಗಾಳಿಯ ಕಾಟ ನಿಂತಿತು. ತಮ್ಮ ಪೈಪಿನ ತುದಿ ಇರುವುದು ಪಡುವಣ ಗಾಳಿ ನೇರವಾಗಿ ಬಂದು ಬಡಿಯುವ ಕಡೆಗೆ. ಗೋಡೆಗೂ ಮಾಡಿಗೂ ಬಡಿದ ಗಾಳಿ ಅಲ್ಲಿ ಒತ್ತಿಕೊಂಡು ನಿಲ್ಲುವುದರಿಂದ, ಅದು ಪೈಪಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದ ಹಾಗೆಯೇ ಆಗುತ್ತದೆ. ಹಾಗೆಂದು ನೆತ್ತಿಯ ಆಚೆ, ಪೂರ್ವದ ಇಳಿಜಾರಿನಲ್ಲಿ ಗಿಡ್ಡ ಪೈಪು ನಿಲ್ಲಿಸಿದರೂ ಸುಖವಿಲ್ಲ. ನೆತ್ತಿಯನ್ನು ದಾಟಿದ ಗಾಳಿ ಅಲ್ಲಿ ಸುಳಿಯಾಗಿ ಕೆಳಗೆ ಬೀಳುತ್ತದೆ. ಮನೆಯ ಪಕ್ಕದಲ್ಲೇ ಎತ್ತರದ ಸಿಲ್ವರ್ ಓಕ್ ಸಾಲಿದ್ದರೆ ಅಥವಾ ಹಿಂದೆ ಗುಡ್ಡ ಏರಿದ್ದರೆ ಅದನ್ನೂ ಗಮನಿಸಬೇಕು.

ಪೈಪಿನ ವಿಷಯದಲ್ಲಿ ನನ್ನ ಅಭಿಪ್ರಾಯವೆಂದರೆ, ಹೇಗೂ ಬದಲಿಸುವುದಾದರೆ 8 ಅಂಗುಲದ್ದನ್ನೇ ಹಾಕಿಸಿ. ದಾರಿ ದೊಡ್ಡದಾದಷ್ಟೂ ಹೊಗೆಗೆ ಹೋಗಲು ಸುಲಭವಲ್ಲವೇ?

ಹಾಸನದ ನಿವೃತ್ತ ಅಧ್ಯಾಪಕ

ಪ್ರಶ್ನೆ ಕೇಳಿದವರು ಅಳತೆಗಳನ್ನು ಇಷ್ಟು ಅಚ್ಚುಕಟ್ಟಾಗಿ ಕೊಟ್ಟಿರುವುದರಿಂದ ಉತ್ತರವನ್ನೂ ಲೆಕ್ಕ ಹಾಕಿಯೇ ಕೊಡಬಹುದು. ಮೂಡಿಗೆರೆಯವರು ಗಾಳಿಯ ಬಗ್ಗೆ ಬರೆದಿರುವುದು ಸಂಪೂರ್ಣ ಸರಿ. 8 ಅಂಗುಲದ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಹೊಗೆಯನ್ನು ಮೇಲಕ್ಕೆ ಎಳೆಯುವ ಬಲ ಹುಟ್ಟುವುದು ಕೊಳವೆಯೊಳಗಿನ ಬಿಸಿ ಗಾಳಿಗೂ ಹೊರಗಿನ ತಣ್ಣನೆಯ ಗಾಳಿಗೂ ಇರುವ ತೂಕದ ವ್ಯತ್ಯಾಸದಿಂದ. ಕೊಳವೆ ಎತ್ತರವಾದಷ್ಟೂ ಆ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ, ಒಳಗಿನ ಗಾಳಿ ಬಿಸಿಯಾದಷ್ಟೂ ಹೆಚ್ಚುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ನಮ್ಮ ಕಡೆ ಗಾಳಿಯೇ ಕರಾವಳಿಗಿಂತ ಸುಮಾರು ಹತ್ತನೆಯ ಒಂದು ಭಾಗದಷ್ಟು ಹಗುರವಾಗಿರುತ್ತದೆಯಾದ್ದರಿಂದ, ಇಲ್ಲಿ ಒಂದು ಮೀಟರ್ ಕೊಳವೆಗೆ ಸಿಗುವ ಸೆಳೆತವೂ ಆ ಪ್ರಮಾಣದಲ್ಲಿ ಕಡಿಮೆ. ಹೊರಗೆ 20 ಡಿಗ್ರಿ, ಕೊಳವೆಯೊಳಗೆ ಸರಾಸರಿ 200 ಡಿಗ್ರಿ ಸೆಲ್ಸಿಯಸ್ ಇದ್ದರೆ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 4 ಪ್ಯಾಸ್ಕಲ್ (ಒತ್ತಡದ ಅಳತೆ) ಸೆಳೆತ ದೊರೆಯುತ್ತದೆ. ಒಳಗಿನ ಸರಾಸರಿ ಬಿಸಿ 90 ಡಿಗ್ರಿಗೆ ಇಳಿದರೆ ಅದು ಸುಮಾರು 2 ಪ್ಯಾಸ್ಕಲ್‌ಗೆ, ಅಂದರೆ ಅರ್ಧಕ್ಕೆ ಕುಸಿಯುತ್ತದೆ. ಯುರೋಪಿನಲ್ಲಿ ಬಾಗಿಲಿರುವ ಸೌದೆ ಒಲೆಗಳನ್ನು ಸಾಮಾನ್ಯವಾಗಿ 12 ಪ್ಯಾಸ್ಕಲ್ ಸೆಳೆತದಲ್ಲಿಟ್ಟು ಪರೀಕ್ಷಿಸುತ್ತಾರೆ ಎಂಬುದನ್ನು ಹೋಲಿಕೆಗೆ ಇಟ್ಟುಕೊಳ್ಳಬಹುದು. ಹನ್ನೆರಡು ಪ್ಯಾಸ್ಕಲ್ ಎಂದರೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರದ ನೀರಿನ ಒತ್ತಡ, ಅಷ್ಟೇ. ಇಷ್ಟು ಸಣ್ಣ ಬಲದಿಂದ ನಡೆಯುವ ಕೆಲಸವಾದ್ದರಿಂದಲೇ ಒಂದು ಬೆಂಡ್, ಒಂದು ಫ್ಯಾನ್, ಒಂದು ಬೀಸುಗಾಳಿ ಅದನ್ನು ಕೆಡಿಸಬಲ್ಲದು.

ಈಗ ತಮ್ಮ ಕೊಳವೆಯನ್ನು ನೋಡೋಣ. ಅಡ್ಡಲಾಗಿ ಹೋಗುವ 5 ಅಡಿ ಸೆಳೆತಕ್ಕೆ ಏನನ್ನೂ ಕೂಡಿಸುವುದಿಲ್ಲ. ಉಳಿದ ಲಂಬದ ಎತ್ತರ 3 ಮತ್ತು 6 ಸೇರಿ 9 ಅಡಿ, ಅಂದರೆ 2.7 ಮೀಟರ್. ಅದರಲ್ಲೂ ಮೇಲಿನ 6 ಅಡಿ ಮಳೆಯಲ್ಲಿ ನೆನೆಯುತ್ತಾ ನಿಂತ ಒಂಟಿ ತಗಡು. ಬೆಳಿಗ್ಗೆ ಹಸಿ ಸೌದೆ ಸೊಯ್ಯೆನ್ನುತ್ತಾ ಹೊಗೆಯಾಡುವ ಹೊತ್ತಿನಲ್ಲಿ ಒಳಗಿನ ಸರಾಸರಿ 90 ಡಿಗ್ರಿಯನ್ನು ಮುಟ್ಟಿದರೂ ಸಿಗುವುದು 6 ಪ್ಯಾಸ್ಕಲ್‌ಗಿಂತ ಕಡಿಮೆ. ಆ ಅಲ್ಪ ಸೆಳೆತ ಎದುರಿಸಬೇಕಾದ ತಡೆಯಾದರೂ ಎಷ್ಟು? 6 ಅಂಗುಲದ ಕೊಳವೆಯ ಬಾಯಿಯ ವಿಸ್ತೀರ್ಣ 28 ಚದರ ಅಂಗುಲ, 4 ಅಂಗುಲದ್ದು 12.6 ಮಾತ್ರ. ಅಷ್ಟೇ ಹೊಗೆ ಸಣ್ಣ ಕೊಳವೆಯಲ್ಲಿ ಹೋಗಬೇಕಾದರೆ ಎರಡೂಕಾಲು ಪಟ್ಟು ವೇಗದಿಂದ ಹೋಗಬೇಕು. ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಪ್ರತಿ ಬೆಂಡಿನಲ್ಲೂ ಅದು ಐದು ಪಟ್ಟಾಗುತ್ತದೆ. ತಮ್ಮಲ್ಲಿ ಕೊರಳಿನ ಬಳಿಯದೂ ಸೇರಿ ನೇರ ಕೋನದ ಬೆಂಡುಗಳು ಮೂರಿವೆ. ಆದ್ದರಿಂದ ಈಗಿರುವ ಪೈಪಿಗೇ ಮೇಲೆ ಇನ್ನೊಂದಿಷ್ಟು ಉದ್ದ ಸೇರಿಸುವುದರಿಂದ ಹಣ ಖರ್ಚಾಗುತ್ತದೆಯೇ ಹೊರತು ಕೆಲಸವಾಗುವುದಿಲ್ಲ. ಒಲೆಯ ಕೊರಳಿಗಿಂತ ಕಿರಿದಾದ ಕೊಳವೆಯನ್ನು ಎಲ್ಲಿಯೂ ಹಾಕಬಾರದು.

ಹಾಗಾದರೆ 8 ಅಂಗುಲ ಏಕೆ ಬೇಡ? ಅದರ ವಿಸ್ತೀರ್ಣ 50 ಚದರ ಅಂಗುಲ. ಅಷ್ಟೇ ಹೊಗೆ ಅದರಲ್ಲಿ ಹೋಗುವಾಗ ವೇಗ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ತಗಡಿಗೆ ತಗಲುವ ಮೈಯೂ ಹೆಚ್ಚಾಗುತ್ತದೆ. ಹೊಗೆ ಹೊರಬೀಳುವಷ್ಟರಲ್ಲಿ ತಣ್ಣಗಾಗಿ ಸೆಳೆತ ಸಾಯುತ್ತದೆ. ಕೊಳವೆಯ ಒಳಮೈ ಸುಮಾರು 120 ಡಿಗ್ರಿಗಿಂತ ತಣ್ಣಗಾದರೆ ಹೊಗೆಯಲ್ಲಿರುವ ಟಾರಿನ ಆವಿ ಅಲ್ಲಿಯೇ ಅಂಟಲು ತೊಡಗುತ್ತದೆ. ತಮ್ಮ ಗೋಡೆಯ ಮೇಲೆ ಇಳಿದಿರುವ ಕರಿಯ ರಸ ಅದೇ. ಕ್ರಿಯೋಸೋಟ್ ಎಂದು ಕರೆಯುವ ಈ ವಸ್ತು ಒಣಗಿ ಪದರುಗಟ್ಟಿದ ಮೇಲೆ ಒಂದು ದಿನ ಜೋರು ಉರಿಗೆ ಹತ್ತಿಕೊಂಡರೆ ಕೊಳವೆಯೊಳಗೇ ಸಾವಿರ ಡಿಗ್ರಿಯ ಬೆಂಕಿ ಏಳಬಹುದು. ಮೂಡಿಗೆರೆಯವರ ಹಂಡೆ ಒಲೆಗೆ ಬಾಗಿಲಿಲ್ಲದೆ ದೊಡ್ಡ ಬಾಯಿಯೇ ಇದ್ದರೆ ಅದಕ್ಕೆ 8 ಅಂಗುಲ ಬೇಕಾಗಿರಲೂಬಹುದು, ಏಕೆಂದರೆ ತೆರೆದ ಬಾಯಿಯ ಬೆಂಕಿಗೂಡಿಗೆ ಬಾಯಿಯ ವಿಸ್ತೀರ್ಣದ ಹತ್ತರಿಂದ ಹನ್ನೆರಡರಲ್ಲಿ ಒಂದು ಭಾಗದಷ್ಟು ಕೊಳವೆ ಇಡುವುದು ವಾಡಿಕೆ. ಬಾಗಿಲಿರುವ ಒಲೆಗೆ ಅದರ ಕೊರಳೇ ಅಳತೆ. ತಮಗೆ 6 ಅಂಗುಲವೇ ಸರಿ, ಕೊರಳಿನಿಂದ ತುದಿಯವರೆಗೆ ಒಂದೇ ಅಗಲ.

ಎತ್ತರಕ್ಕೆ ಬರೋಣ. ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಅಗ್ನಿಸುರಕ್ಷತಾ ಮಾನದಂಡದ ಪ್ರಕಾರ ಕೊಳವೆ ತಾನು ಮಾಡನ್ನು ತೂರುವ ಜಾಗದಿಂದ ಕನಿಷ್ಠ 3 ಅಡಿ ಮೇಲಿರಬೇಕು. ಜೊತೆಗೆ, ಅಡ್ಡಳತೆಯಲ್ಲಿ 10 ಅಡಿಯೊಳಗೆ ಮನೆಯ ಯಾವ ಭಾಗವಿದ್ದರೂ ಅದಕ್ಕಿಂತ 2 ಅಡಿ ಎತ್ತರವಿರಬೇಕು. ತಮ್ಮ ಒಲೆಯ ನೆತ್ತಿಯಿಂದ ನೇರವಾಗಿ ಮಾಡನ್ನು ತೂರಿಸಿದರೆ ಅಲ್ಲಿ ಮಾಡಿನ ಎತ್ತರ ಸುಮಾರು ಹನ್ನೊಂದೂಮುಕ್ಕಾಲು ಅಡಿ. ಮಾಡಿನ ನೆತ್ತಿ ಅಲ್ಲಿಂದ 9 ಅಡಿ ದೂರದಲ್ಲಿ, ಅಂದರೆ ಹತ್ತು ಅಡಿಯ ಒಳಗೇ ಇದೆ. ಆದ್ದರಿಂದ ತುದಿ ನೆಲದಿಂದ 17 ಮತ್ತು 2, ಒಟ್ಟು 19 ಅಡಿಯಲ್ಲಿರಬೇಕು. ಕೊರಳಿನಿಂದ ಲೆಕ್ಕ ಹಾಕಿದರೆ ಹದಿನಾರೂವರೆ ಅಡಿ, 5 ಮೀಟರ್ ಆಯಿತು. ಬ್ರಿಟನ್ನಿನ ಕಟ್ಟಡ ಮಾರ್ಗಸೂಚಿ ಹೇಳುವ 4.5 ಮೀಟರನ್ನೂ ಇದು ದಾಟುತ್ತದೆ. ಉರಿ ಹಿಡಿದ ಮೇಲೆ ಸುಮಾರು 20 ಪ್ಯಾಸ್ಕಲ್, ಮಂದವಾಗಿ ಉರಿಯುವಾಗಲೂ 10ರ ಹತ್ತಿರ ಸೆಳೆತ ಸಿಗಬೇಕು.

ಕೊನೆಯದಾಗಿ ಎಕ್ಸಾಸ್ಟ್ ಫ್ಯಾನನ್ನು ಇಂದೇ ನಿಲ್ಲಿಸಿ. ಹಿಂದೆ ಹಂಚಿನ ಸಂದುಗಳಿಂದ ಮನೆ ಉಸಿರಾಡುತ್ತಿತ್ತು. ಈಗ ಹಲಗೆಯೂ ಗಾಜೂ ಬಂದ ಮೇಲೆ ಫ್ಯಾನ್ ಹೊರಹಾಕುವ ಗಾಳಿಯ ಜಾಗಕ್ಕೆ ಕೊಳವೆಯಿಂದಲೇ ಗಾಳಿ ಇಳಿದು ಬರುತ್ತದೆ, ಹೊಗೆಯನ್ನೂ ಜೊತೆಗೆ ತರುತ್ತದೆ. ಹೊಗೆಯೊಂದಿಗೆ ಕಣ್ಣಿಗೆ ಕಾಣದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ಅದು ಜೀವ ತೆಗೆಯುವ ಅನಿಲ. ತಮ್ಮ ತಾಯಿಯವರು ಆ ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಒಲೆಯ ಹತ್ತಿರದ ಗೋಡೆಯ ಕೆಳಭಾಗದಲ್ಲಿ 6 ಅಂಗುಲದ ಒಂದು ಗಾಳಿಕಿಂಡಿ ಇಡಿಸಿ, ಕಪ್ಪೆ ಇಲಿ ಬಾರದ ಹಾಗೆ ಜಾಲರಿ ಹಾಕಿಸಿ.

ಚಿಕ್ಕಮಗಳೂರು ತಗಡು ಕೆಲಸ

ಮೇಷ್ಟ್ರು ಲೆಕ್ಕವನ್ನು ಪೂರ್ತಿ ಬಿಡಿಸಿಟ್ಟಿದ್ದಾರೆ. ನಾನು ಇಪ್ಪತ್ತು ವರ್ಷಗಳಿಂದ ತೋಟದ ಮನೆಗಳಿಗೆ ಒಲೆ, ಹಂಡೆ, ಚಿಮಣಿ ಕೂರಿಸುತ್ತಿರುವವನು. ಕೆಲಸದ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಮೊದಲನೆಯದು ಪೈಪಿನ ಜಾತಿ. ಒಲೆಗೆ ಹತ್ತಿರದ ಭಾಗಕ್ಕೆ ಜಿಐ ಪೈಪ್ ಹಾಕಬಾರದು. ಸತುವು 420 ಡಿಗ್ರಿಯ ಹತ್ತಿರ ಕರಗುತ್ತದೆ, ಜೋರು ಉರಿಯಲ್ಲಿ ಕೊರಳಿನ ಬಳಿ ಅಷ್ಟು ಕಾವು ಬರುವುದುಂಟು, ಆಗ ಏಳುವ ಸತುವಿನ ಹೊಗೆ ದೇಹಕ್ಕೆ ಒಳ್ಳೆಯದಲ್ಲ. ಮನೆಯೊಳಗಿನ ಭಾಗಕ್ಕೆ 2 ಮಿಲಿಮೀಟರ್ ದಪ್ಪದ ಕಪ್ಪು ಕಬ್ಬಿಣದ ಪೈಪು, ಮಾಡಿನಿಂದ ಮೇಲಿನ ಭಾಗಕ್ಕೆ ಎಸ್‌ಎಸ್ 304 (ತುಕ್ಕು ಹಿಡಿಯದ ಸ್ಟೀಲ್) ಹಾಕಿಸಿ. ಸಿಮೆಂಟ್ ಶೀಟಿನ ಪೈಪು ಕಾವಿಗೆ ಬಿರಿಯುತ್ತದೆ, ಅದನ್ನು ನಂಬಬೇಡಿ.

ಎರಡನೆಯದು ಜೋಡಣೆ. ತಮ್ಮ ಗೋಡೆಯ ಮೇಲೆ ರಸ ಇಳಿದಿರುವುದನ್ನು ನೋಡಿದರೆ ಮೇಲಿನ ತುಂಡನ್ನು ಕೆಳಗಿನ ತುಂಡಿನ ಹೊರಗೆ ಸಿಕ್ಕಿಸಿದ್ದಾರೆ ಎನ್ನಿಸುತ್ತದೆ. ಹೊಗೆ ಸೋರಬಾರದು ಎಂದು ಹಾಗೆ ಮಾಡುವವರು ಬಹಳ ಮಂದಿ. ಆದರೆ ಮೇಲಿನ ತುಂಡಿನ ಕಿರಿದಾದ ತುದಿ ಯಾವಾಗಲೂ ಕೆಳಗಿನ ತುಂಡಿನ ಒಳಗೆ ಕೂರಬೇಕು. ಸೆಳೆತ ಸರಿಯಿದ್ದರೆ ಜೋಡಣೆಯ ಸಂದಿನಿಂದ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಹೊರಗೆ ಬರುವುದಿಲ್ಲ. ರಸವೂ ಒಳಮೈಯಲ್ಲೇ ಇಳಿದು ಒಲೆಗೆ ಸೇರಿ ಸುಟ್ಟುಹೋಗುತ್ತದೆ. ಒಂದೊಂದು ಜೋಡಣೆಗೂ ಮೂರು ಸ್ಕ್ರೂ ಹಾಕಿಸಿ. ಒಲೆಯ ಕೊರಳು ಹಿಂಬದಿಗಿರುವುದರಿಂದ ಒಂದು ತಿರುವು ತಪ್ಪುವುದಿಲ್ಲ. ಅಲ್ಲಿ ಬೆಂಡ್ ಬದಲು ಟಿ ತುಂಡು ಹಾಕಿ ಕೆಳಬಾಯಿಗೆ ಮುಚ್ಚಳ ಕೊಟ್ಟರೆ ಮಸಿ ಅಲ್ಲೇ ಬೀಳುತ್ತದೆ, ತೆಗೆಯುವುದು ಸುಲಭ.

ಎಲ್ಲಕ್ಕಿಂತ ಮುಖ್ಯವಾದದ್ದು ಮಾಡನ್ನು ತೂರಿಸುವ ಜಾಗ. ಒಂಟಿ ತಗಡಿನ ಪೈಪಿಗೂ ಮರಕ್ಕೂ ನಡುವೆ 18 ಅಂಗುಲ ಬಿಡಬೇಕು. ನಮ್ಮ ಮನೆಗಳಲ್ಲಿ ಪಕಾಸುಗಳ (ಮಾಡಿನ ಇಳಿಜಾರಿನ ಮರದ ತೊಲೆಗಳ) ನಡುವಣ ಅಂತರವೇ ಒಂದೂವರೆ ಎರಡು ಅಡಿ, ಮೇಲೆ ಒತ್ತೊತ್ತಾಗಿ ರೀಪು (ಹಂಚು ಕೂರುವ ಮರದ ಪಟ್ಟಿ), ತಮ್ಮಲ್ಲಿ ಸಾಲದ್ದಕ್ಕೆ ಹಲಗೆ ಬೇರೆ. ವರ್ಷಗಟ್ಟಲೆ ಕಾದು ಕಾದು ಒಣಗಿದ ಮರ ಹೊಸ ಮರಕ್ಕಿಂತ ಕಡಿಮೆ ಕಾವಿಗೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಪೈಪು ಹಾಯುವ ಜಾಗದ ಸುತ್ತ ಮೂರೂವರೆ ಅಡಿ ಚೌಕದಲ್ಲಿ ಹಲಗೆ, ರೀಪು, ಪಕಾಸು ಎಲ್ಲವನ್ನೂ ಕತ್ತರಿಸಿ ತೆಗೆಸಿ, ಆ ಭಾಗಕ್ಕೆ ಕಬ್ಬಿಣದ ಆಂಗಲ್‌ನ ಚೌಕಟ್ಟು ಕೂರಿಸಿ ಅದರ ಮೇಲೆ ಹಂಚು ಹೊದಿಸಬೇಕು. ಕತ್ತರಿಸಿದ ಪಕಾಸಿನ ಭಾರವನ್ನು ಪಕ್ಕದ ಎರಡು ಪಕಾಸುಗಳಿಗೆ ಅಡ್ಡಪಟ್ಟಿಯಿಂದ ದಾಟಿಸಲು ಒಳ್ಳೆಯ ಬಡಗಿಯನ್ನೇ ಕರೆಯಿರಿ. ಕೆಲಸ ಸ್ವಲ್ಪ ದೊಡ್ಡದು ಎನ್ನಿಸಬಹುದು, ಆದರೆ ಇದರಲ್ಲಿ ಒಂದು ಅಂಗುಲವನ್ನೂ ಉಳಿಸಲು ಹೋಗಬಾರದು.

ಹಂಚಿನ ಮೇಲೆ ಬರುವ ತಗಡಿನ ಹೊದಿಕೆಯ ಮೇಲಂಚು ಮೇಲಿನ ಹಂಚಿನ ಅಡಿಗೆ ಹೋಗಬೇಕು, ಕೆಳಂಚು ಕೆಳಗಿನ ಹಂಚಿನ ಮೇಲೆ ಕೂರಬೇಕು. ಇದು ತಿರುಗುಮುರುಗಾದರೆ ಪುಷ್ಯ ಮಳೆಗೆ ಅಡುಗೆಮನೆಯಲ್ಲಿ ಬಕೆಟ್ ಇಡಬೇಕಾಗುತ್ತದೆ.

ಹಾನುಬಾಳು ತೋಟದ ಮನೆ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಫ್ಯಾನನ್ನು ನಿನ್ನೆಯೇ ನಿಲ್ಲಿಸಿ, ಅಡುಗೆಮನೆಯ ಒಂದು ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟು ನೋಡಿದೆವು. ಹೊಗೆ ಪೂರ್ತಿ ನಿಲ್ಲದಿದ್ದರೂ ಗಣನೀಯವಾಗಿ ಕಡಿಮೆಯಾಗಿದೆ.

ಎರಡು ಸಂದೇಹಗಳಿವೆ. ಮಾಡನ್ನು ಕತ್ತರಿಸುವ ಕೆಲಸ ಮಳೆ ಮುಗಿಯುವವರೆಗೆ ಆಗುವಂತಿಲ್ಲ. ಪೈಪನ್ನು ಈಗಿರುವಂತೆ ಗೋಡೆಯಿಂದಲೇ ಹೊರಗೆ ತಂದು, 6 ಅಂಗುಲದ್ದನ್ನು ಹಾಕಿ ಎತ್ತರಿಸಿದರೆ ಆಗದೇ? ಎರಡನೆಯದಾಗಿ, ಮಾಡಿನ ಮೇಲೆ ಏಳು ಅಡಿಗೂ ಹೆಚ್ಚು ಉದ್ದದ ಪೈಪು ಆಷಾಢದ ಗಾಳಿಗೆ ನಿಲ್ಲುತ್ತದೆಯೇ? ತುದಿಯ ಟೋಪಿ ಎಂಥದ್ದಿರಬೇಕು?

ಹಾಸನದ ನಿವೃತ್ತ ಅಧ್ಯಾಪಕ

ಹೊರಗಿನ ದಾರಿಯಲ್ಲಿ ಒಂದು ಅನುಕೂಲವಿದೆ. ಪೈಪು ಮಾಡಿನ ನೆತ್ತಿಯಿಂದ 10 ಅಡಿಗಿಂತ ದೂರ ಉಳಿಯುವುದರಿಂದ ನಿಯಮದ ಪ್ರಕಾರ ನೆತ್ತಿಯನ್ನು ಮೀರಲೇಬೇಕೆಂದಿಲ್ಲ. ತಮ್ಮ ಇಳಿಜಾರಿಗೆ ನೆಲದಿಂದ ಹದಿನೇಳೂವರೆ ಅಡಿಗಿಂತ ಕಡಿಮೆಯೇ ಸಾಕೆಂದು ಲೆಕ್ಕ ಬರುತ್ತದೆ. ಹಾಗಿದ್ದರೂ ಪಡುವಣ ಗಾಳಿ ನೇರವಾಗಿ ಬಡಿಯುವ ಆ ಜಾಗದಲ್ಲಿ ನಾನಾದರೆ 19 ಅಡಿಗೇ ಒಯ್ಯುತ್ತೇನೆ. ಹೊರಗೆ ನಿಂತ ಕೊಳವೆಯ ದೊಡ್ಡ ದೋಷವೆಂದರೆ ತಣ್ಣಗಿರುವುದು. ಒಳಗಿನಿಂದ ಹೋಗುವ ಕೊಳವೆ ಅಡುಗೆಮನೆಯ ಬೆಚ್ಚನೆಯ ಗಾಳಿಯಲ್ಲೇ ಅರ್ಧ ದೂರ ಸಾಗುತ್ತದೆ. ಹೊರಗಿನದಕ್ಕೆ ಎರಡು ಪದರದ ಕೊಳವೆ ಮಾಡಿಸಿ ನಡುವೆ ಒಂದೆರಡು ಅಂಗುಲ ರಾಕ್‌ವುಲ್ (ಕಾವು ತಡೆಯುವ ಕಲ್ಲಿನ ನಾರು) ತುಂಬಿಸದಿದ್ದರೆ ಬೆಳಗಿನ ತೊಂದರೆ ಮುಂದುವರಿಯುತ್ತದೆ. ಅಡ್ಡ ಸಾಗುವ ಭಾಗವನ್ನು ಆದಷ್ಟು ಮೊಟಕುಗೊಳಿಸಿ, ಅಡಿಗೆ ಕಾಲು ಅಂಗುಲದಂತೆ ಮೇಲ್ಮುಖವಾಗಿ ಓರೆ ಕೊಡಿ. ನೇರ ಕೋನದ ಬೆಂಡಿನ ಬದಲು 45 ಡಿಗ್ರಿಯವು ಉತ್ತಮ.

ನನ್ನ ಸಲಹೆ ಕೇಳುವುದಾದರೆ, ಮಳೆ ಮುಗಿಯುವವರೆಗೆ ಆ ಒಲೆಯನ್ನು ಹಚ್ಚದೆ ಗ್ಯಾಸಿನಲ್ಲೇ ಅಡುಗೆ ನಡೆಸಿ, ದೀಪಾವಳಿ ಕಳೆದ ಮೇಲೆ ಮಾಡಿನ ಕೆಲಸವನ್ನು ಒಮ್ಮೆಗೇ ಸರಿಯಾಗಿ ಮಾಡಿಸಿಬಿಡಿ. ಹಚ್ಚಲೇಬೇಕಾದ ದಿನ ಮೊದಲು ಎರಡು ಹಾಳೆ ಕಾಗದವನ್ನು ಕೊರಳಿನ ಹತ್ತಿರ ಉರಿಸಿ ಕೊಳವೆಯನ್ನು ಬೆಚ್ಚಗೆ ಮಾಡಿಕೊಂಡು, ಆಮೇಲೆ ಸೌದೆಗೆ ಬೆಂಕಿ ಕೊಡಿ.

ಚಿಕ್ಕಮಗಳೂರು ತಗಡು ಕೆಲಸ

ಮಾಡಿನ ಮೇಲೆ 5 ಅಡಿ ಮೀರಿದ ಪೈಪಿಗೆ ಆಧಾರ ಬೇಕೇ ಬೇಕು. ಮೂರನೆಯ ಎರಡು ಭಾಗದ ಎತ್ತರದಲ್ಲಿ ಒಂದು ಪಟ್ಟಿ ಬಿಗಿದು, ಅಲ್ಲಿಂದ ಮೂರು ದಿಕ್ಕಿಗೆ ಕಬ್ಬಿಣದ ಸರಳನ್ನು ಎಳೆದು ಪಕಾಸಿಗೆ ಬೋಲ್ಟ್ ಹಾಕುತ್ತೇವೆ. ಹಂಚಿಗಾಗಲಿ ರೀಪಿಗಾಗಲಿ ಕಟ್ಟಿದ ಆಧಾರ ಮೊದಲ ಗಾಳಿಗೇ ಹೋಗುತ್ತದೆ.

ಟೋಪಿಗೂ ಪೈಪಿನ ಬಾಯಿಗೂ ನಡುವಣ ಅಂತರದಲ್ಲಿ ತಪ್ಪಾಗುವುದು ಹೆಚ್ಚು. ಪೈಪಿನ ಅಗಲದ ಕಾಲು ಭಾಗ ಎತ್ತರಿಸಿದರೆ ಸುತ್ತಲಿನ ತೆರಪು ಬಾಯಿಯ ವಿಸ್ತೀರ್ಣಕ್ಕೆ ಸರಿಸಮವಾಗುತ್ತದೆ, ಆದರೆ ಕಾಲುಗಳೂ ಮಸಿಯೂ ಸೇರಿ ಅದು ಸಾಲದೆ ಬರುತ್ತದೆ. ಆದ್ದರಿಂದ 6 ಅಂಗುಲದ ಪೈಪಿಗೆ ನಾನು 4 ಅಂಗುಲ ಅಂತರ ಬಿಡುತ್ತೇನೆ, ಟೋಪಿಯ ಅಗಲ 12 ಅಂಗುಲ. ಹಕ್ಕಿ ಗೂಡು ಕಟ್ಟದಂತೆ ಜಾಲರಿ ಬೇಕೆನ್ನಿಸಿದರೆ ಅರ್ಧ ಅಂಗುಲಕ್ಕಿಂತ ದೊಡ್ಡ ಕಣ್ಣಿನದೇ ಇರಲಿ. ಸಣ್ಣ ಕಣ್ಣಿನ ಜಾಲರಿ ಒಂದು ಮಳೆಗಾಲದಲ್ಲೇ ಮಸಿ ಕಟ್ಟಿ ಮುಚ್ಚಿಹೋಗುತ್ತದೆ.

ಮೂಡಿಗೆರೆ ಬೆಳೆಗಾರ

ಅಧ್ಯಾಪಕರು 8 ಅಂಗುಲದ ವಿಷಯದಲ್ಲಿ ತಿದ್ದಿದ್ದು ಒಳ್ಳೆಯದಾಯಿತು. ನಮ್ಮ ಹಂಡೆ ಒಲೆ ತೆರೆದ ಬಾಯಿಯದೇ, ಆದ್ದರಿಂದಲೇ ಅದು ನಮಗೆ ಒಗ್ಗಿದೆ ಎಂದು ಈಗ ತಿಳಿಯಿತು.

ಸೌದೆಯ ಬಗ್ಗೆ ಒಂದು ಮಾತು. ಏಪ್ರಿಲ್ ಮೇ ತಿಂಗಳಲ್ಲಿ ಮರಗಸಿ ಮಾಡಿದಾಗ (ನೆರಳಿನ ಮರಗಳ ಕೊಂಬೆ ಸವರಿದಾಗ) ಬಿದ್ದ ಸಿಲ್ವರ್ ಓಕ್ ಕೊಂಬೆಗಳನ್ನೇ ಜುಲೈಯಲ್ಲಿ ಒಲೆಗೆ ಇಡುವ ರೂಢಿ ನಮ್ಮ ಕಡೆ ಎಲ್ಲ ತೋಟಗಳಲ್ಲೂ ಇದೆ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ, ಎರಡು ತಿಂಗಳಲ್ಲಿ ಅದು ಆರುವುದಿಲ್ಲ. ಒಲೆಯ ಕಾವೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಹೋಗಿ ಕೊಳವೆಗೆ ತಣ್ಣನೆಯ ಒದ್ದೆ ಹೊಗೆ ಹತ್ತುತ್ತದೆ. ಈ ವರ್ಷದ ಮರಗಸಿಯ ಸೌದೆಯನ್ನು ಸೀಳಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ನೆಲದಿಂದ ಮೇಲೆ ಒಟ್ಟಿ, ಮುಂದಿನ ವರ್ಷದ ಮಳೆಗಾಲಕ್ಕೆ ಬಳಸುವಂತೆ ನಾವು ಒಂದು ವರ್ಷ ಮುಂದೆ ನಡೆಯುತ್ತಿದ್ದೇವೆ. ಸವರಿ ತೆಗೆದ ಕಾಫಿ ಗಿಡದ ಕೊಂಬೆಗಳು ಸಣ್ಣವಾದ್ದರಿಂದ ಬೇಗ ಆರುತ್ತವೆ, ಬೆಳಿಗ್ಗೆ ಉರಿ ಹಿಡಿಸಲು ಅವನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಕೊಳವೆಯೊಳಗಿನ ಮಸಿಯ ಪದರ 3 ಮಿಲಿಮೀಟರ್ ಮುಟ್ಟಿದರೆ ಬ್ರಷ್ ಹಾಕಿ ಉಜ್ಜಿಸಬೇಕು. ನಾವು ಮೇ ಕೊನೆಯಲ್ಲಿ ಒಮ್ಮೆ, ಗೌರಿ ಹಬ್ಬದ ಹೊತ್ತಿಗೆ ಮತ್ತೊಮ್ಮೆ ಉಜ್ಜಿಸುತ್ತೇವೆ. ತಮ್ಮ ಈಗಿನ 4 ಅಂಗುಲದ ಪೈಪನ್ನು ಬಿಚ್ಚುವ ದಿನ ಅದರ ಒಳಗೆ ಎಷ್ಟು ದಪ್ಪ ಕಟ್ಟಿದೆ ಎಂದು ಅಳೆದು ಇಲ್ಲಿ ಬರೆಯಿರಿ.